ಎರಡು ಸೀಟಿನ ಕಾರಿನಲ್ಲಿ ಒರಗಿ ಕೂರುವುದು

ನಿವೃತ್ತಿಯಾದ ಮೇಲೆ ನಾನು ಮಾಡಿದ ಮೊದಲ ದೊಡ್ಡ ಕೆಲಸ ಎರಡೇ ಸೀಟಿನ ಒಂದು ಪುಟ್ಟ ಸ್ಪೋರ್ಟ್ಸ್ ಕಾರು ಕೊಂಡದ್ದು. ನಮ್ಮ ಕಡೆಯವರು ಇವಳಿಗೆ ತಲೆ ಕೆಟ್ಟಿದೆ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟರು. ಮದುವೆಯಾಗದೆ ಉಳಿದು, ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಕೂದಲು ನರೆಸಿಕೊಂಡ ಹೆಂಗಸು ಈ ವಯಸ್ಸಿನಲ್ಲಿ ಕಾಶಿಗೆ ಹೋಗಬೇಕು, ಇಲ್ಲ ಮಂಡಿ ಆಪರೇಷನ್ ಮಾಡಿಸಿಕೊಳ್ಳಬೇಕು. ಮಡಚುವ ಟಾಪ್ ಇರುವ ಕಾರು ಯಾಕೆ ಎಂದು ಕೇಳಿದವರಿಗೆ, ನಿಮಗ್ಯಾಕೆ ಎಂದು ಕೇಳಿದೆ. ಆ ಮೇಲೆ ಯಾರೂ ಹೆಚ್ಚು ಕೇಳಲಿಲ್ಲ.

ಕಾರು ಹೊಸದಲ್ಲ. ಜಯನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಬ್ಬ ಹುಡುಗ ಅದನ್ನು ಪ್ರತಿ ಭಾನುವಾರ ಹೊರಗೆ ತೆಗೆದು ಒರೆಸುತ್ತಿದ್ದ. ವಾಕಿಂಗ್ ಹೋಗುವಾಗ ನಾನು ಅಲ್ಲಿ ಬೇಕೆಂದೇ ನಿಧಾನ ಮಾಡುತ್ತಿದ್ದೆ. ವೀಳ್ಯದೆಲೆಯ ಹಸಿರು ಬಣ್ಣ, ನನ್ನ ಸೊಂಟದಷ್ಟೇ ಎತ್ತರ. ನೋಡಿದರೆ ನಗು ಬರುತ್ತಿತ್ತು, ಆಸೆಯೂ ಆಗುತ್ತಿತ್ತು. ಅವನಿಗೆ ಅವಳಿ ಮಕ್ಕಳಾದವು. ಎರಡು ಸೀಟಿನ ಕಾರಿನಲ್ಲಿ ನಾಲ್ಕು ಜನ ಹಿಡಿಸುವುದಿಲ್ಲ. ಮಾರುತ್ತೇನೆ ಎಂದು ಅವನು ಹೇಳಿದ್ದು ಯಾರಿಗೋ, ಕೇಳಿಸಿಕೊಂಡದ್ದು ನಾನು.

ನಾನು ಡ್ರೈವಿಂಗ್ ಕಲಿತದ್ದು ಐವತ್ತು ಹತ್ತಿರವಾದಾಗ. ಅದಕ್ಕೆ ಮೊದಲು ನಾನು ಯಾರಾದರೂ ಕರೆದುಕೊಂಡು ಹೋಗಬೇಕಾದವಳು. ಮದುವೆ ಮುಗಿದ ಮೇಲೆ ಛತ್ರದ ಬಾಗಿಲಲ್ಲಿ ತಾಂಬೂಲದ ಚೀಲ ಹಿಡಿದುಕೊಂಡು, ಇವಳನ್ನ ಯಾರು ಬಿಡ್ತೀರಪ್ಪಾ ಎಂದು ದೊಡ್ಡವರು ಕೇಳುವುದನ್ನು ಕೇಳಿಸಿಕೊಳ್ಳುತ್ತ ನಿಂತಿರುತ್ತಿದ್ದೆ. ಯಾರೋ ಒಬ್ಬರು ಪಾಪ ಎಂದು ಒಪ್ಪುತ್ತಿದ್ದರು. ಅವರ ಗಾಡಿಯಲ್ಲಿ ಹಿಂದೆ ಮುದುರಿಕೊಂಡು ಕೂತು, ಅವರ ಮಕ್ಕಳ ಮಾರ್ಕ್ಸು ವಿಚಾರಿಸುತ್ತ ಮನೆ ಸೇರುವುದು. ಲೈಸೆನ್ಸ್ ಬಂದ ಮೇಲೆ ಆ ಬಾಗಿಲಲ್ಲಿ ನಾನು ಕಾಯಲಿಲ್ಲ. ಈ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ನೋವು ಬರೀ ಕತ್ತಿನದಲ್ಲ.

ಕಾರು ಬಂದ ಮೇಲೆ ಮನೆಯಲ್ಲಿ ಮುನಿಸಿಕೊಂಡವಳು ಅಮ್ಮ. ನನ್ನ ಜೊತೆಯಲ್ಲೇ ಇರುವ ಅಮ್ಮನಿಗೆ ಎಂಬತ್ತು ದಾಟಿದೆ. ಹಳೆಯ ಕಾರಿನಲ್ಲಿ ಅವಳದು ಹಿಂದಿನ ಸೀಟು. ಮುಂದೆ ಕೂರು ಎಂದರೆ ಭಯ, ಹಿಂದೆ ಕೂತರೆ ರಸ್ತೆ ಕಾಣುವುದಿಲ್ಲ ಎಂಬ ದೂರು. ಮುಂದಿನ ಸೀಟುಗಳ ಹೆಡ್‌ರೆಸ್ಟ್ ಅಡ್ಡ ಬರುತ್ತದೆ ಎಂದು ಅವಳು ಹಟ ಹಿಡಿದಿದ್ದರಿಂದ, ಆ ಕಾರು ಮನೆಗೆ ಬಂದ ವಾರದಲ್ಲೇ ಅವೆರಡನ್ನೂ ಕಿತ್ತು ಪ್ಲಾಸ್ಟಿಕ್ ಕವರಿನ ಸಮೇತ ಅಟ್ಟಕ್ಕೆ ಹಾಕಿದ್ದೆ. ಆ ಹಳೆಯ ಕಾರು ಈಗ ಅಣ್ಣನ ಮಗನ ಪಾಲಾಯಿತು, ಅವು ಮಾತ್ರ ಅಟ್ಟದಲ್ಲೇ ಉಳಿದವು. ಹೊಸ ಕಾರನ್ನು ಅಮ್ಮ ಗೇಟಿನ ಒಳಗಿನಿಂದಲೇ ನೋಡಿದಳು.

"ಹಿಂದಿನ ಸೀಟೇ ಇಲ್ವಲ್ಲೇ."

"ಮುಂದೆ ಕೂರಮ್ಮ. ಚೆನ್ನಾಗಿದೆ."

"ಇದು ಕಾರಲ್ಲ, ಚಪ್ಪಲಿ. ನೀನೇ ಹಾಕ್ಕೊಂಡು ಓಡಾಡು."

ಓಡಾಡಿದೆ. ಮೊದಲ ವಾರ ಎಂಥ ಸುಖ. ಬೆಳಿಗ್ಗೆ ಬೇಗ ಎದ್ದು, ಟ್ರಾಫಿಕ್ ಶುರುವಾಗುವ ಮೊದಲು, ಟಾಪ್ ಮಡಚಿ ಮರಗಳ ಕೆಳಗೆ ಹೋಗುತ್ತಿದ್ದರೆ ರಸ್ತೆ ನನ್ನ ಅಂಗೈಗೆ ತಾಗುವ ಹಾಗೆ ಇರುತ್ತಿತ್ತು. ಫೋರ್ತ್ ಬ್ಲಾಕಿನಲ್ಲಿ ನನಗೆ ಯಾವಾಗಲೂ ಮಲ್ಲಿಗೆ ಕೊಡುವ ಹೂವಿನವಳು ಬುಟ್ಟಿ ಬಿಟ್ಟು ಎದ್ದು ಬಂದು, "ಅಕ್ಕ, ಗಾಡಿ ಸಖತ್ತಾಗಿದೆ, ಯಾರ್ದು?" ಎಂದಳು. ನಂದೇ ಎಂದೆ. ಅವಳು ಒಂದು ಮೊಳ ಹೆಚ್ಚಿಗೆ ಅಳೆದು ತುರುಬಿಗೆ ತಾನೇ ಮುಡಿಸಿದಳು. ಮನೆಗೆ ಬರುವಷ್ಟರಲ್ಲಿ ಹೂವು ಅಪ್ಪಚ್ಚಿಯಾಗಿತ್ತು. ಗಾಳಿಗೆ ಹಾಗಾಯಿತು ಎಂದುಕೊಂಡೆ. ಗಾಳಿಗೆ ಹೂವು ಉದುರಬಹುದು, ಅಪ್ಪಚ್ಚಿಯಾಗುವುದು ಹೇಗೆ ಎಂದು ಯೋಚಿಸುವ ಪುರುಸೊತ್ತು ನನಗಿರಲಿಲ್ಲ.

ನೋವು ಶುರುವಾದದ್ದು ಅದಾದ ಸ್ವಲ್ಪ ದಿನಕ್ಕೆ. ಮೊದಲು ಕತ್ತಿನ ಬುಡದಲ್ಲಿ. ಆಮೇಲೆ ಬಲ ಭುಜಕ್ಕೆ ಇಳಿಯಿತು. ಹತ್ತು ನಿಮಿಷ ಓಡಿಸಿದರೆ ಸಾಕು, ಯಾರೋ ಹಿಡಿದು ಬಗ್ಗಿಸಿದ ಹಾಗೆ ಗದ್ದ ಎದೆಯ ಕಡೆಗೆ ಹೋಗುತ್ತಿತ್ತು. ತಪ್ಪಿಸಿಕೊಳ್ಳಲು ಮುಂದಕ್ಕೆ ಬಾಗಿ, ಸ್ಟೀರಿಂಗ್ ತಬ್ಬಿಕೊಂಡು ಓಡಿಸುತ್ತಿದ್ದೆ. ಆಗ ಸೊಂಟ ಹಿಡಿದುಕೊಳ್ಳುತ್ತಿತ್ತು. ಕೊನೆಗೆ ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಜೋಮು ಹಿಡಿಯತೊಡಗಿದವು.

ಕೂರುವುದೇ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಎಷ್ಟು ಸಿಟ್ಟು ಬರಬೇಕೋ ಅಷ್ಟೂ ಬಂತು. ಹೇಳಿದವನು ಅಣ್ಣನ ಮಗ. ಬಿ.ಟಿ.ಎಂ. ಲೇಔಟಿನಲ್ಲಿ ಇದ್ದಾನೆ, ಎಲ್ಲದಕ್ಕೂ ವಿಡಿಯೋ ನೋಡುವ ಪೈಕಿ.

"ಅತ್ತೆ, ಸ್ಪೋರ್ಟ್ಸ್ ಕಾರಲ್ಲಿ ಕೂರೋ ಪೊಸಿಷನ್ನೇ ಬೇರೆ. ನೀವು ಹಳೇ ಕಾರ್ ಥರ ಕೂತಿದೀರ."

"ನಾನು ಹುಟ್ಟಿದಾಗಿಂದ ಕೂತಿದೀನಪ್ಪಾ. ನಂಗೆ ಹೇಳ್ಕೊಡ್ಬೇಡ."

ಆದರೂ ಅವನು ಹೋದ ಮೇಲೆ ವಿಡಿಯೋ ನೋಡಿದೆ. ಅದರಲ್ಲಿ ಹೇಳಿದ ಹಾಗೆಲ್ಲ ಮಾಡಿದೆ. ಕ್ಲಚ್ ಪೂರ್ತಿ ಒತ್ತಿದರೂ ಮಂಡಿ ಸ್ವಲ್ಪ ಮಡಚಿರಬೇಕು. ಮಡಚಿತ್ತು. ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ಬರಬೇಕು. ಬಂತು. ಭುಜ ಎರಡೂ ಸೀಟಿಗೆ ತಾಗಿರಬೇಕು. ತಾಗಿಸಿದೆ. ತಾಗಿಸಿದ ಕೂಡಲೇ ಗದ್ದ ಎದೆಗೆ ಬಂತು, ಕಣ್ಣಿಗೆ ಸ್ಪೀಡೋಮೀಟರ್ ಬಿಟ್ಟು ಬೇರೇನೂ ಕಾಣಲಿಲ್ಲ. ಆ ವಿಡಿಯೋದ ಮನುಷ್ಯ ಮಾತ್ರ ಆರಾಮಾಗಿ ಕೂತು ನಗುತ್ತಿದ್ದ. ಫೋನ್ ಮಂಚದ ಮೇಲೆ ಎಸೆದೆ.

ಸೀಟನ್ನು ಹಿಂದಕ್ಕೆ ತಳ್ಳಿದೆ, ಮುಂದಕ್ಕೆ ಎಳೆದೆ. ಬೆನ್ನನ್ನು ನೆಟ್ಟಗೆ ಮಾಡಿದೆ, ಮಲಗಿಸಿದೆ. ಆ ಕಾರಿನಲ್ಲಿ ಹೆಡ್‌ರೆಸ್ಟ್ ಸೀಟಿನ ಜೊತೆಯಲ್ಲೇ ಒಂದೇ ಅಚ್ಚಿನಲ್ಲಿ ಮಾಡಿದ್ದು, ಮುಂದಕ್ಕೆ ಸ್ವಲ್ಪ ಬಾಗಿಕೊಂಡಿರುತ್ತದೆ, ಕೀಳುವ ಹಾಗಿಲ್ಲ. ಅಲ್ಲಿ ನನ್ನ ತಲೆಯ ಎಣ್ಣೆ ತಾಗಿ ಕಲೆಯಾಗುತ್ತಿದೆ ಎಂದು ಒಂದು ಟರ್ಕಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದೆ. ಸೊಂಟಕ್ಕೆ ಒಂದು ದಿಂಬು ಬಂತು. ಕೂರುವುದಕ್ಕೆ ಇಳಿಜಾರಿನ ಇನ್ನೊಂದು ದಿಂಬು. ಅಣ್ಣನ ಮಗ ವಿಮಾನದಲ್ಲಿ ಕತ್ತಿಗೆ ಹಾಕಿಕೊಳ್ಳುವ ದಿಂಬು ತಂದುಕೊಟ್ಟ. ಅದನ್ನು ಹಾಕಿಕೊಂಡು ಗಾಂಧಿ ಬಜಾರಿಗೆ ಹೋಗಿ ಬಂದ ದಿನ ರಾತ್ರಿ ಊಟ ಮಾಡುವಾಗ ತಟ್ಟೆ ಬಿಟ್ಟು ತಲೆ ಮೇಲೆತ್ತಲು ಆಗಲಿಲ್ಲ. ಅಮ್ಮ ಅನ್ನ ಬಡಿಸುತ್ತ, "ಚಪ್ಪಲಿ ಕಚ್ಚತ್ತೆ ಕಣೇ" ಎಂದಳು.

ಸೀಟಿನಲ್ಲೇ ಏನೋ ಐಬಿದೆ ಎಂದು ಜರಗನಹಳ್ಳಿಯ ಗ್ಯಾರೇಜಿಗೆ ಒಯ್ದೆ. ನಡೆಸುವವರು ಅಲ್ಲಿಯ ಹಳೇ ಮನೆತನದವರು, ಸ್ವಂತ ಕಟ್ಟಡದ ಕೆಳಗೆ ಗ್ಯಾರೇಜು, ಮೇಲೆಲ್ಲ ಬಾಡಿಗೆ ಮನೆಗಳು. ಯಜಮಾನರು ತಾವೇ ಒಳಗೆ ಇಳಿದು ಕೂತು, ಸ್ಟೀರಿಂಗ್ ಹಿಡಿದು, ತಲೆಯನ್ನು ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ನನಗೆ ಅನುಮಾನ ಬಂತು.

"ಮೇಡಂ, ಸೀಟ್ ಏನೂ ಆಗಿಲ್ಲ. ನಮ್ಮನೆ ಸೋಫಾಗಿಂತ ಚೆನ್ನಾಗಿದೆ."

"ನಂಗೆ ಕತ್ತು ನೋಯತ್ತಲ್ರೀ."

"ಅದು ವಯಸ್ಸು ಮೇಡಂ. ನಮ್ಗೂ ಬರತ್ತೆ."

ಅವರು ಹೇಳಿದ್ದು ಪ್ರೀತಿಯಿಂದಲೇ. ನನಗೆ ಮಾತ್ರ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಕಾರು ಸರಿಯಾಗಿದೆ ಎಂದರೆ ಕೆಟ್ಟಿರುವುದು ನಾನು. ಆ ಸೀಟಿನಲ್ಲಿ ಕೂತವರೆಲ್ಲ, ಕಾರು ಮಾರಿದ ಹುಡುಗ, ಅಣ್ಣನ ಮಗ, ಈ ಯಜಮಾನರು, ಎಲ್ಲರೂ ಆಹಾ ಎಂದವರೇ.

ಡಾಕ್ಟರ ಬಳಿ ಹೋದೆ. ಎಕ್ಸ್‌ರೇ ತೆಗೆದರು, ಮಂಡಿಗೆ ಮೊಣಕೈಗೆ ಪುಟ್ಟ ಸುತ್ತಿಗೆಯಿಂದ ಕುಟ್ಟಿ ನೋಡಿದರು, ಬೆರಳು ಹಿಡಿದು ಎಳೆದರು. ಕತ್ತಿನ ಮೂಳೆ ಸವೆದಿದೆ, ಈ ವಯಸ್ಸಿಗೆ ಸಾಮಾನ್ಯ, ಆದರೆ ಬೆರಳು ಜೋಮು ಹಿಡಿಯುವುದು ಒಳ್ಳೆಯದಲ್ಲ, ನರ ಅದುಮಿಕೊಂಡಿರಬಹುದು ಎಂದರು. ಹೇಗೆ ಕೂರ್ತೀರಿ ಎಂದು ಕೇಳಿದರು. ನೆಟ್ಟಗೆ ಎಂದೆ. ಕಡಿಮೆಯಾಗುವವರೆಗೆ ಕಾರು ಓಡಿಸುವುದು ಬೇಡ, ಕಡಿಮೆಯಾಗದಿದ್ದರೆ ಓಡಿಸುವ ಯೋಚನೆಯನ್ನೇ ಬಿಟ್ಟುಬಿಡಿ, ಟ್ರಾಫಿಕ್ಕಿನಲ್ಲಿ ಕೈ ಹಿಡಿತ ತಪ್ಪಿದರೆ ಕಷ್ಟ ಎಂದರು.

ಹೆದರಿದೆ. ಇದನ್ನು ಯಾರ ಹತ್ತಿರವೂ ಹೇಳಲಿಲ್ಲ. ನಮ್ಮ ದೊಡ್ಡತ್ತೆಗೂ ಹೀಗೇ ಬೆರಳಿನಿಂದ ಶುರುವಾಗಿ ಕೊನೆಕೊನೆಗೆ ಕಾಫಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗ ನನಗೆ ಕಂಡದ್ದು ಅದೇ ಛತ್ರದ ಬಾಗಿಲು, ಅದೇ ತಾಂಬೂಲದ ಚೀಲ. ಇವಳನ್ನ ಯಾರು ಬಿಡ್ತೀರಪ್ಪಾ. ಕೇಳುತ್ತಿದ್ದ ದೊಡ್ಡವರು ಈಗ ಇಲ್ಲ. ಕೇಳುವವರು ನನಗಿಂತ ಚಿಕ್ಕವರಾಗಿರುತ್ತಾರೆ, ಅಷ್ಟೇ ವ್ಯತ್ಯಾಸ.

ಆಮೇಲೆ ಕಾರು ಗೇಟಿನೊಳಗೆ ಕವರು ಹೊದ್ದುಕೊಂಡು ನಿಂತಿತು. ನಾನು ಆಟೋದಲ್ಲಿ ಓಡಾಡಿದೆ. ಮನೆಯಲ್ಲಿ ಕೂತಿದ್ದರೆ ನೋವು ಕಡಿಮೆಯಾಗುತ್ತಿತ್ತು. ಒಂದು ದಿನ ತಡೆಯಲಾರದೆ ನಾಲ್ಕು ರಸ್ತೆ ಸುತ್ತಿ ಬಂದರೆ ಮತ್ತೆ ಅದೇ ಜೋಮು. ಮಾರುವುದು ಎಂದು ತೀರ್ಮಾನಿಸಿದೆ. ಸುಬ್ರಹ್ಮಣ್ಯಪುರದಿಂದ ಒಬ್ಬರು ನೋಡಲು ಬಂದರು. ಬಿಳಿ ಪಂಚೆ, ಬಿಳಿ ಷರ್ಟು, ಫಳಫಳ ಹೊಳೆಯುವ ಬೋಳು ತಲೆ. ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಕೂತರು. ಆ ಬೋಳು ತಲೆ ನನ್ನ ಟರ್ಕಿ ಟವೆಲಿನ ಮೇಲೆ ಹೋಗಿ ಒರಗಿತು. "ಬಾಳ ಕಂಫರ್ಟಾಗಿದೆ ಮೇಡಂ" ಎಂದರು. ನನಗೆ ಅವರನ್ನು ಎಳೆದು ಹೊರಗೆ ಹಾಕಬೇಕು ಎನ್ನಿಸಿತು. ವಾರದ ಕೊನೆಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟರು.

ಅಮ್ಮ ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಮಾರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ರೇಷ್ಮೆ ಅಂಚಿನ ಸೀರೆ ಉಟ್ಟು, ಕೈಚೀಲ ಹಿಡಿದು ಹಜಾರಕ್ಕೆ ಬಂದಳು.

"ಆ ಗಾಡೀಲಿ ನನ್ನ ಒಂದ್ ಸಲ ಬನಶಂಕರಿ ದೇವಸ್ಥಾನಕ್ಕೆ ಕರ್ಕೊಂಡು ಹೋಗು. ಯಾರ್ದೋ ಪಾಲಾಗತ್ತೆ, ನಾನು ಕೂತೇ ಇಲ್ಲ."

"ಡಾಕ್ಟ್ರು ಓಡಿಸ್ಬೇಡ ಅಂದಿದಾರಮ್ಮ."

"ದೇವಸ್ಥಾನಕ್ಕೂ ಬೇಡ ಅಂದಿದಾರಾ?"

ಕಾರಿನ ಕೀ ತೆಗೆದುಕೊಂಡು ಹೊರಗೆ ಬಂದೆ. ಅವಳ ಮಂಡಿಯದೇ ನನಗೆ ಚಿಂತೆ. ಅಷ್ಟು ತಗ್ಗಿನ ಸೀಟಿಗೆ ಹೇಗೆ ಇಳಿಯುತ್ತಾಳೆ, ಹೇಗೆ ಏಳುತ್ತಾಳೆ. ಅವಳು ಬಾಗಿಲು ಹಿಡಿದುಕೊಂಡು, ಹಿಂದಿರುಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಕೂತುಬಿಟ್ಟಳು. ಆಮೇಲೆ ಕಾಲು ಎರಡನ್ನೂ ಒಳಗೆ ಎಳೆದುಕೊಂಡಳು. ನಾನು ಕಲಿಯಲು ಒಂದು ತಿಂಗಳು ಹಿಡಿದ ಕೆಲಸ ಅದು.

"ಮಣೆ ಮೇಲೆ ಕೂತ ಹಾಗಿದೆ. ಇಷ್ಟೇನಾ?" ಎಂದಳು.

ದೇವಸ್ಥಾನದವರೆಗೆ ಅವಳದೇ ಕಾರುಬಾರು. ಸೌತ್ ಎಂಡ್ ಸರ್ಕಲಿನಲ್ಲಿ ಬೈಕಿನವರು ಬಗ್ಗಿ ನೋಡಿದಾಗ ಸೆರಗು ಸರಿಮಾಡಿಕೊಂಡು ನೆಟ್ಟಗಾದಳು. ದರ್ಶನ ಮಾಡಿ, ಪ್ರಸಾದದ ಹೂವು ಹಿಡಿದುಕೊಂಡು ಬಂದು ಮತ್ತೆ ಕೂತಾಗ, "ಇನ್ನೂ ಸ್ವಲ್ಪ ದೂರ ಹೋಗೋಣ" ಎಂದಳು. ಕನಕಪುರ ರಸ್ತೆಯಲ್ಲಿ ಮೆಟ್ರೋ ಕಂಬಗಳ ನೆರಳಿನಲ್ಲಿ ಸಾರಕ್ಕಿ ಕಡೆಗೆ ಬಿಟ್ಟೆ. ನನ್ನ ಕತ್ತು ಆಗಲೇ ಶುರುಮಾಡಿತ್ತು. ತೋರಿಸಿಕೊಳ್ಳಲಿಲ್ಲ. ಕೊನೆಯ ಸವಾರಿ, ಹಲ್ಲು ಕಚ್ಚಿಕೊಂಡು ಮುಗಿಸೋಣ ಎಂದಿದ್ದೆ.

ಸಿಗ್ನಲ್ಲಿಗೆ ಸ್ವಲ್ಪ ಮೊದಲು ಗಾಡಿಗಳು ಕಟ್ಟಿ ನಿಂತವು. ಅಮ್ಮ ಮಿಸುಕಾಡತೊಡಗಿದಳು. ಈ ಕಡೆ ವಾಲಿದಳು, ಆ ಕಡೆ ವಾಲಿದಳು.

"ಏನಮ್ಮ?"

"ಕತ್ತು ನೋಯ್ತಿದೆ ಕಣೇ."

"ಇವಾಗ ತಾನೆ ಕೂತಿದೀಯಲ್ಲ." ನನ್ನ ದನಿ ಸ್ವಲ್ಪ ಏರಿತ್ತು. ನನಗೆ ನೋವು ಅಂದರೆ ಅದು ಇವಳಿಗೂ ಬೇಕೇ ಎಂದು ಒಳಗೊಳಗೆ ರೇಗಿತ್ತು.

"ಕೂತ್ರೆ ಏನ್ಮಾಡ್ಲಿ? ಹಿಂದಿಂದ ಯಾರೋ ತಲೆ ಹಿಡ್ದು ತಳ್ತಿರೋ ಹಾಗಿದೆ. ಒರಗೋಣ ಅಂದ್ರೆ ಗಂಟು ಒತ್ತತ್ತೆ."

ಹೇಳಿದವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಎರಡೂ ಕೈ ಹಿಂದಕ್ಕೆ ಹಾಕಿ, ಪಿನ್ನುಗಳನ್ನು ಒಂದೊಂದೇ ಕಿತ್ತು ಬಾಯಲ್ಲಿ ಕಚ್ಚಿಕೊಂಡಳು. ತುರುಬು ಬಿಚ್ಚಿದಳು. ಅಮ್ಮನ ತುರುಬಿನಲ್ಲಿ ಅವಳ ಸ್ವಂತ ಕೂದಲು ಈಗ ಕಾಲುಭಾಗ ಇದ್ದರೆ ಹೆಚ್ಚು, ಉಳಿದದ್ದೆಲ್ಲ ಚೌರಿ. ತುರುಬು ತುಂಬಿ ಕಾಣಲಿ ಎಂದು ಸೇರಿಸಿಕೊಳ್ಳುವ ಆ ಕೂದಲ ಕಟ್ಟನ್ನು ಅವಳು ಹೊರಗಿನವರ ಎದುರು ಎಂದೂ ತೆಗೆದವಳಲ್ಲ. ಈಗ ಟಾಪ್ ತೆರೆದ ಕಾರಿನಲ್ಲಿ, ಪಕ್ಕದಲ್ಲಿ ಬಿ.ಎಂ.ಟಿ.ಸಿ. ಬಸ್ಸಿನ ಕಿಟಕಿಯ ತುಂಬ ಜನ ನೋಡುತ್ತಿರುವಾಗ, ಚೌರಿಯನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ತನ್ನ ಸಣ್ಣ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡಳು. ತಲೆಯನ್ನು ಹಿಂದಕ್ಕೆ ಬಿಟ್ಟಳು.

"ಹಾಂ. ಈಗ ಸುಖವಾಯ್ತು" ಎಂದು ಕಣ್ಣು ಮುಚ್ಚಿದಳು.

ಗ್ಯಾರೇಜಿನ ಯಜಮಾನರು ಕಣ್ಣು ಮುಚ್ಚಿದ್ದು ಹಾಗೇ. ಸುಬ್ರಹ್ಮಣ್ಯಪುರದವರ ಬೋಳು ತಲೆ ಒರಗಿದ್ದು ಹಾಗೇ. ನಾನು ಅಮ್ಮನ ಮಡಿಲಿನ ಚೌರಿಯನ್ನು ನೋಡುತ್ತಿದ್ದೆ. ನನ್ನ ಎಡಗೈ ತಾನಾಗಿ ಎದ್ದು ನನ್ನ ತಲೆಯ ಹಿಂದಕ್ಕೆ ಹೋಯಿತು. ತುರುಬಿಗೂ ಟವೆಲಿಗೂ ನಡುವೆ ಒಂದು ಬೆರಳು ತೂರಿಸಲೂ ಜಾಗವಿರಲಿಲ್ಲ. ಹಿಂದಿನ ಆಟೋದವನು ಹಾರ್ನ್ ಒತ್ತಿದ. ಸಿಗ್ನಲ್ ಹಸಿರಾಗಿತ್ತು.

ನನ್ನ ಕೂದಲಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಯಾರೂ ನನ್ನನ್ನು ರೂಪಕ್ಕೆ ಹೊಗಳಿದವರಲ್ಲ, ಆದರೆ ಕೂದಲು ನೋಡಿದವರೆಲ್ಲ ಮುಟ್ಟಿ ನೋಡುತ್ತಿದ್ದರು. ಬ್ಯಾಂಕಿಗೆ ಸೇರಿದ ದಿನ ಅಮ್ಮನೇ ಬಿಗಿಯಾಗಿ ತುರುಬು ಕಟ್ಟಿ, ಕೆಲಸಕ್ಕೆ ಹೋಗುವ ಹೆಣ್ಣು ಜಡೆ ಬಿಟ್ಟುಕೊಂಡು ಹೋಗಬಾರದು ಎಂದಿದ್ದಳು. ಅಂದಿನಿಂದ ಅದು ದಿನವೂ ಅಲ್ಲೇ, ಅಷ್ಟೇ ಬಿಗಿಯಾಗಿ. ತೆಂಗಿನಕಾಯಿ ಗಾತ್ರದ ಆ ಗಂಟು ನನ್ನ ತಲೆಬುರುಡೆಯ ಭಾಗವೇ ಎಂದು ನಾನು ತಿಳಿದುಬಿಟ್ಟಿದ್ದೆ. ಯಾರಾದರೂ ತಮ್ಮ ಮೂಗು ಅಡ್ಡ ಬರುತ್ತಿದೆ ಎಂದು ಅನುಮಾನಪಡುತ್ತಾರೆಯೇ? ಹಳೆಯ ಕಾರಿನಲ್ಲಿ ಅದಕ್ಕೆ ತಾಗಲು ಏನೂ ಇರಲಿಲ್ಲ, ತಾಗಬೇಕಾದದ್ದು ಅಟ್ಟದ ಮೇಲಿತ್ತು. ಈ ಕಾರಿನಲ್ಲಿ ಕೂತು ಆಹಾ ಎಂದವರಲ್ಲಿ ಒಬ್ಬರಿಗೂ ತುರುಬಿರಲಿಲ್ಲ. ತುರುಬಿದ್ದ ಇನ್ನೊಬ್ಬಳು ಮುನಿಸಿಕೊಂಡು ಗೇಟಿನೊಳಗೇ ಇದ್ದಳು.

ಸಿಗ್ನಲ್ ದಾಟಿ ಜರಗನಹಳ್ಳಿಯ ಹತ್ತಿರ ಒಂದು ಎಳನೀರು ಗಾಡಿಯ ಪಕ್ಕದಲ್ಲಿ ನಿಲ್ಲಿಸಿದೆ. ಮೊದಲು ಟವೆಲ್ ಕಿತ್ತೆಸೆದೆ. ಆಮೇಲೆ ಪಿನ್ನುಗಳು, ಆಮೇಲೆ ತುರುಬಿನ ಬಲೆ. ಕೂದಲು ಬೆನ್ನಿಗೆ ಬಿತ್ತು, ಎರಡು ಕೈಯಲ್ಲಿ ಬಾಚಿ ಮುಂದಕ್ಕೆ ಹಾಕಿಕೊಂಡೆ. ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟೆ. ಅದು ಹೋಯಿತು, ಇನ್ನೂ ಹೋಯಿತು, ಹೋಗಿ ಆ ಬಾಗಿದ ಹೆಡ್‌ರೆಸ್ಟಿಗೆ ತಾಗಿ ನಿಂತಿತು. ಭುಜ ಎರಡೂ ಸೀಟಿನಲ್ಲಿ ಕೂತವು. ಕೈ ಚಾಚಿದೆ, ಮಣಿಕಟ್ಟು ಸ್ಟೀರಿಂಗಿನ ಮೇಲೆ ಇತ್ತು. ಮುಂದೆ ಸ್ಪೀಡೋಮೀಟರ್ ಅಲ್ಲ, ರಸ್ತೆ ಕಾಣುತ್ತಿತ್ತು, ಮೆಟ್ರೋ ಸೇತುವೆಯ ಅಂಚು, ಅದರ ಪಕ್ಕದ ಆಕಾಶ. ಆ ವಿಡಿಯೋದ ಮನುಷ್ಯ ನಗುತ್ತಿದ್ದದ್ದು ಯಾಕೆ ಎಂದು ಗೊತ್ತಾಯಿತು.

ನನಗೆ ಅಳು ಬಂತು. ನೋವಿಗೆ ಬಾರದ ಅಳು ಅಲ್ಲಿ ಎಳನೀರಿನವನ ಎದುರು ಬಂತು, ಜೊತೆಗೆ ನಗುವೂ. ನನ್ನ ಕೈ ಕೆಟ್ಟಿರಲಿಲ್ಲ. ದೊಡ್ಡತ್ತೆಯ ಕಾಯಿಲೆ ನನಗೆ ಬಂದಿರಲಿಲ್ಲ. ಛತ್ರದ ಬಾಗಿಲಲ್ಲಿ ನಾನು ನಿಲ್ಲಬೇಕಾಗಿರಲಿಲ್ಲ. ಇಷ್ಟು ದಿನ ನಾನೇ ಕಟ್ಟಿದ ಗಂಟು ನನ್ನನ್ನು ತಳ್ಳುತ್ತಿತ್ತು.

ಅಮ್ಮ ಕಣ್ಣು ತೆರೆದಳು.

"ಏನಾಯ್ತೇ? ಬೀದೀಲಿ ತಲೆ ಬಿಚ್ಕೊಂಡು ಕೂತಿದೀಯಲ್ಲ, ಏನಂದ್ಕೋತಾರೆ ಜನ."

"ನಿನ್ನ ಚೌರಿ ಎಲ್ಲಿದೆ, ಮೊದ್ಲು ನೋಡ್ಕೋ" ಎಂದೆ, ಮೂಗು ಒರೆಸಿಕೊಳ್ಳುತ್ತ.

ಅವಳು ಅವಸರದಲ್ಲಿ ಚೌರಿಯನ್ನು ಕೈಚೀಲಕ್ಕೆ ತುರುಕಿದಳು. ಎಳನೀರಿನವನು ಮಚ್ಚು ಹಿಡಿದುಕೊಂಡೇ ಬಗ್ಗಿ, "ಮೇಡಂ, ಹುಷಾರಾಗಿದೀರಾ?" ಎಂದು ಕೇಳಿದ. ಹುಷಾರಾಗಿದ್ದೇನೆ, ಎರಡು ಎಳನೀರು ಕೊಡಪ್ಪ, ಗಂಜಿ ಇರಲಿ ಎಂದೆ. ಅಷ್ಟು ಹುಷಾರಾಗಿ ನಾನು ಬಹಳ ದಿನದಿಂದ ಇರಲಿಲ್ಲ.

ನಡೆದದ್ದನ್ನು ಅಮ್ಮನಿಗೆ ವಿವರಿಸಿದೆ. ಅವಳಿಗೆ ಅದು ದೊಡ್ಡ ವಿಷಯ ಎನ್ನಿಸಲೇ ಇಲ್ಲ. ಒತ್ತಿದರೆ ಬಿಚ್ಚಬೇಕು, ಅದಕ್ಕೆ ಡಾಕ್ಟರು ಯಾಕೆ ಎಂಬ ಮುಖ. ಎಳನೀರು ಕುಡಿದು ಮುಗಿಸಿ, "ತಿರುಗು" ಎಂದಳು. ಆ ಇಕ್ಕಟ್ಟಿನಲ್ಲೇ ನಾನು ಬಾಗಿಲ ಕಡೆ ತಿರುಗಿ ಕೂತೆ. ಬಾಚಣಿಗೆ ಇಲ್ಲದೆ ಬೆರಳಲ್ಲೇ ಸಿಕ್ಕು ಬಿಡಿಸಿದಳು. ಶಾಲೆಗೆ ಹೋಗುವಾಗ ಎಳೆಯುತ್ತಿದ್ದ ಹಾಗೇ ಎಳೆದಳು, ತಲೆ ಆಡಿಸಿದ್ದಕ್ಕೆ ಬೆರಳಿನಿಂದ ಕುಟ್ಟಿದಳು. ಜಡೆಯ ತುದಿಗೆ ಕಟ್ಟಲು ಏನೂ ಇರಲಿಲ್ಲ. ಪ್ರಸಾದದ ಹೂವನ್ನು ಬಿಡಿಸಿ ಚೀಲದಲ್ಲಿ ಹಾಕಿಕೊಂಡು, ಕಟ್ಟಿದ್ದ ಬಾಳೆಯ ನಾರನ್ನು ಎಳನೀರಿನವನ ಹತ್ತಿರ ನೀರು ಕೇಳಿ ಒದ್ದೆ ಮಾಡಿ ಸುತ್ತಿದಳು. ಜಡೆಯನ್ನು ನನ್ನ ಭುಜದ ಮೇಲಿಂದ ಮುಂದಕ್ಕೆ ಹಾಕಿದಳು.

ನನ್ನ ಚಿಕ್ಕಂದಿನಿಂದ ಅವಳು ನನಗೆ ಹೆಚ್ಚಾಗಿ ಹೇಳಿದ ಮಾತು ನೆಟ್ಟಗೆ ಕೂತ್ಕೋ ಎಂಬುದು. ಊಟಕ್ಕೆ ಕೂತಾಗ, ಓದಲು ಕೂತಾಗ, ನನ್ನನ್ನು ನೋಡಲು ಬಂದವರ ಎದುರು ಕೂತಾಗ. ನಾನು ಸ್ಟೀರಿಂಗ್ ಹಿಡಿದು, ಅಭ್ಯಾಸಬಲದಿಂದ ಬೆನ್ನು ಸೆಟೆಸಿ ಗೇರ್ ಹಾಕಿದೆ.

"ಒರಗ್ಕೊಳ್ಳೇ" ಎಂದಳು ಅಮ್ಮ. "ಅಷ್ಟು ದುಡ್ಡು ಕೊಟ್ಟಿದೀಯ, ಒರಗ್ಕೋ."

ಒರಗಿಕೊಂಡೇ ಜಯನಗರದವರೆಗೆ ಬಂದೆ.

ಸುಬ್ರಹ್ಮಣ್ಯಪುರದವರಿಗೆ ಅಂದೇ ಫೋನ್ ಮಾಡಿ ಕಾರು ಕೊಡುವುದಿಲ್ಲ ಎಂದೆ. ಬೇರೆ ಪಾರ್ಟಿ ಬಂದಿದಾರಾ ಮೇಡಂ ಎಂದು ಕೇಳಿದರು. ನಮ್ಮ ತಾಯಿಗೆ ಇಷ್ಟವಾಗಿಬಿಟ್ಟಿತು ಎಂದೆ. ತಾಯಿ ಅಂದದ್ದೇ ತಡ, ಒಳ್ಳೇದು ಮೇಡಂ, ಅಮ್ಮನ್ನ ಚೆನ್ನಾಗಿ ಸುತ್ತಾಡ್ಸಿ ಎಂದರು. ಅವರ ಬೋಳು ತಲೆಯ ಮೇಲೆ ನನಗಿದ್ದ ಸಿಟ್ಟು ಆಗಲೇ ಇಳಿದಿತ್ತು.

ಬೆರಳಿನ ಜೋಮು ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಬರುವುದು ಕಡಿಮೆಯಾಯಿತು, ಆಮೇಲೆ ಬಂದದ್ದು ಬೇಗ ಹೋಗತೊಡಗಿತು, ಆಮೇಲೆ ಒಂದು ದಿನ ಹಾಲಿನ ಪಾತ್ರೆ ತೊಳೆಯುವಾಗ, ಅದು ಬಂದು ಎಷ್ಟು ದಿನವಾಯಿತು ಎಂದು ನೆನಪಾಗಲಿಲ್ಲ. ಡಾಕ್ಟರು ಮತ್ತೆ ಬೆರಳು ಎಳೆದು ನೋಡಿ, ಒಳ್ಳೆ ಇಂಪ್ರೂವ್‌ಮೆಂಟ್, ಏನು ಮಾಡಿದಿರಿ ಎಂದರು. ಜಡೆ ಹಾಕಿಕೊಂಡೆ ಎಂದೆ. ಬರೆದುಕೊಳ್ಳಲು ಎತ್ತಿದ ಪೆನ್ನನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ಕಾರು ಓಡಿಸಬಹುದೇ ಎಂದು ಕೇಳಿದೆ. ಓಡಿಸಿ, ವ್ಯಾಯಾಮ ಬಿಡಬೇಡಿ ಎಂದರು. ಮೂಳೆ ಸವೆದಿರುವುದು ಸುಳ್ಳಲ್ಲವಂತೆ. ಇರಲಿ, ಅದು ನನ್ನ ವಯಸ್ಸಿನದು, ಅದರ ಜೊತೆ ಇರಬಲ್ಲೆ.

ಅಟ್ಟದ ಮೇಲಿದ್ದ ಹೆಡ್‌ರೆಸ್ಟುಗಳನ್ನು ಇಳಿಸಿ ಅಣ್ಣನ ಮಗನಿಗೆ ಕೊಟ್ಟೆ. ಅವನು ಪ್ಲಾಸ್ಟಿಕ್ ಕವರು ನೋಡಿ ನಕ್ಕ. ಕತ್ತಿನ ದಿಂಬನ್ನೂ ಜೊತೆಯಲ್ಲೇ ವಾಪಸು ಕೊಟ್ಟೆ.

ತುರುಬನ್ನು ಬಿಟ್ಟಿಲ್ಲ. ಮದುವೆ ಮುಂಜಿಗೆ, ಆಟೋದಲ್ಲಿ ಹೋಗುವಾಗ, ಮನೆಗೆ ಯಾರಾದರೂ ಬರುವಾಗ ಅದೇ ಗಂಟು, ಅಷ್ಟೇ ಬಿಗಿ. ಕಾರಿಗೆ ಮಾತ್ರ ಜಡೆ. ನರೆತ ಕೂದಲಿನ ಉದ್ದ ಜಡೆ ಮುಂದೆ ಹಾಕಿಕೊಂಡು ಟಾಪ್ ತೆರೆದ ಕಾರು ಓಡಿಸುವ ಹೆಂಗಸನ್ನು ಸಿಗ್ನಲ್ಲುಗಳಲ್ಲಿ ಜನ ನೋಡುತ್ತಾರೆ. ನೋಡಲಿ. ಪಕ್ಕದಲ್ಲಿ ಕೂತಿರುವವಳು ಈಗ ಅವರಿಗೆ ಕೈ ಬೀಸುವುದನ್ನೂ ಕಲಿತಿದ್ದಾಳೆ.

ಬೆಳಿಗ್ಗೆ ನಾನು ಹೊರಡುವ ಸುಳಿವು ಸಿಕ್ಕಿದರೆ ಅಮ್ಮ ಬಾಚಣಿಗೆ ಹಿಡಿದು ಹಜಾರದ ಕುರ್ಚಿಯಲ್ಲಿ ಕೂತಿರುತ್ತಾಳೆ. ನಾನು ಅವಳ ಕಾಲ ಬಳಿ ಮಣೆ ಹಾಕಿಕೊಂಡು ಕೂರುತ್ತೇನೆ. ನನ್ನ ಕೂದಲನ್ನು ಕೈಯಲ್ಲಿ ಹಿಡಿದುಕೊಂಡು ಅವಳು ದಿನವೂ ಒಂದೇ ಪ್ರಶ್ನೆ ಕೇಳುತ್ತಾಳೆ, ಯಾವುದು ಕಟ್ಟಬೇಕು ಎಂದು ಗೊತ್ತಾಗಲು.

"ಇವತ್ತು ಆಟೋನೋ, ಕಾರೋ?"

"ಕಾರು, ಅಮ್ಮ" ಎನ್ನುತ್ತೇನೆ.